ಮಚ್ಚೆಯನ್ನು ತೆಗೆಸುವ ಮುನ್ನ

ಮಾನವ ಶರೀರವು ಅಲ್ಲಾಹನು ನಮಗೆ ಒಪ್ಪಿಸಿರುವ ಅಮಾನತ್ ಆಗಿದೆ. ನಾವು ಅದರ ಒಡೆಯರಲ್ಲ, ಪಾಲಕರು ಮಾತ್ರ. ಒಡೆಯನಾದವನು ತನ್ನ ವಸ್ತುವನ್ನು ಕತ್ತರಿಸಬಹುದು, ಸುಡಬಹುದು, ಎಸೆಯಲೂಬಹುದು. ಪಾಲಕನಾದವನು ಪ್ರತಿಯೊಂದಕ್ಕೂ ಉತ್ತರ ಹೇಳಬೇಕಾಗುತ್ತದೆ. ಕಣ್ಣು, ಕೈ, ಕಾಲುಗಳಂತಹ ದೊಡ್ಡ ಅನುಗ್ರಹಗಳ ವಿಷಯದಲ್ಲಿ ಈ ಮಾತನ್ನು ನಾವು ಸುಲಭವಾಗಿ ಒಪ್ಪಿಕೊಳ್ಳುತ್ತೇವೆ. ಆದರೆ ಚರ್ಮದ ಮೇಲಿನ ಒಂದು ಸಣ್ಣ ಮಚ್ಚೆಯ ಪ್ರಶ್ನೆ ಬಂದಾಗ ಅದನ್ನು ಮರೆಯುತ್ತೇವೆ. ಸುಣ್ಣ ಹಚ್ಚಿ ಸುಡುವವರಿದ್ದಾರೆ, ದಾರ ಬಿಗಿದು ಉದುರಿಸುವವರಿದ್ದಾರೆ, ವರ್ಷಗಟ್ಟಲೆ ಬೆಳೆಯುತ್ತಿದ್ದರೂ ತಿರುಗಿ ನೋಡದವರೂ ಇದ್ದಾರೆ.

ನಾನು ತೋವಿನಕೆರೆಯಲ್ಲಿ ಮಕ್ಕಳಿಗೆ ದೀನೀ ಪಾಠ ಹೇಳಿಕೊಡುವವನು, ವೈದ್ಯನಲ್ಲ. ಆದರೂ ಈ ವಿಷಯದ ಕುರಿತು ಬರೆಯಲು ಕಾರಣವಿದೆ. ನಿಕಾಹ್‌ನ ಮಾತುಕತೆಗಳು ನಡೆಯುವ ತಿಂಗಳುಗಳಲ್ಲಿ ತಾಯಂದಿರು ಮಗುವನ್ನು ಕರೆದೊಯ್ಯಲು ಬಂದಾಗ, ಬಾಗಿಲ ಬಳಿ ಸ್ವಲ್ಪ ತಡೆದು, ಧ್ವನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ: “ಹಜ್ರತ್, ಮಗಳ ಮುಖದ ಮೇಲಿನ ತಿಲ್ ತೆಗೆಸಿದರೆ ಗುನಾಹ್ ಆಗುತ್ತದೆಯೇ?” ಈ ಪ್ರಶ್ನೆಯಲ್ಲಿ ಅಲ್ಲಾಹನ ಭಯವಿದೆ, ಮಗಳ ಭವಿಷ್ಯದ ಚಿಂತೆಯೂ ಇದೆ. ಎರಡೂ ಗೌರವಕ್ಕೆ ಅರ್ಹವಾದವು. ಅದಕ್ಕೆ ಹೌದು ಅಥವಾ ಇಲ್ಲ ಎಂಬ ಒಂದೇ ಪದದ ಉತ್ತರ ಸಾಲದು.

ಮಚ್ಚೆಯ ಬಗ್ಗೆ ನಮ್ಮ ಸಮಾಜದ ಮನಸ್ಸು ವಿಚಿತ್ರವಾದುದು. ಮಗು ಹುಟ್ಟಿದಾಗ ನಜರ್ ತಾಗಬಾರದೆಂದು ಕೆನ್ನೆಗೋ ಹಣೆಗೋ ಕಾಡಿಗೆಯಿಂದ ಕಪ್ಪು ಬೊಟ್ಟು ಇಡುತ್ತೇವೆ. ನೆರೆಯ ಹಿಂದೂ ಸೋದರರು ಅದನ್ನು ದೃಷ್ಟಿಬೊಟ್ಟು ಎನ್ನುತ್ತಾರೆ. ಪಾರಸೀ ಮತ್ತು ಉರ್ದೂ ಕವಿಗಳು ಕೆನ್ನೆಯ ಕಪ್ಪು ಚುಕ್ಕೆಯನ್ನು ಸೌಂದರ್ಯದ ಕಳಶವೆಂದು ಹೊಗಳಿದ್ದಾರೆ. ಶಾಲೆಯ ದಾಖಲೆಗಳಲ್ಲಿ ಗುರುತಿನ ಚಿಹ್ನೆ ಕೇಳಿದರೆ ಮೊದಲು ಹುಡುಕುವುದೂ ಮಚ್ಚೆಯನ್ನೇ. ಆದರೆ ಅದೇ ಮಗು ಬೆಳೆದು ಹೆಣ್ಣು ನೋಡಲು ಬರುವವರ ಮುಂದೆ ಕುಳಿತಾಗ, ಅಲ್ಲಾಹನೇ ಇಟ್ಟ ಆ ಚುಕ್ಕೆ ಒಮ್ಮೆಲೇ ಕುಂದಾಗಿಬಿಡುತ್ತದೆ. ಬಲಗೆನ್ನೆಯ ಮಚ್ಚೆ ಅದೃಷ್ಟ, ಎಡಗಡೆಯದು ಅಪಶಕುನ ಎಂಬ ಲೆಕ್ಕಾಚಾರವಂತೂ ನಮ್ಮ ಕೆಲವು ಮನೆಗಳಿಗೂ ನುಸುಳಿದೆ. ಶಕುನ ನೋಡುವುದನ್ನು ಪ್ರವಾದಿವರ್ಯರು(ಸ) ಸ್ಪಷ್ಟವಾಗಿ ನಿರಾಕರಿಸಿದ್ದಾರೆ. ಮಚ್ಚೆಯು ಯಾರ ಸಂಪತ್ತನ್ನೂ ಹೆಚ್ಚಿಸದು, ಯಾರ ಆಯುಷ್ಯವನ್ನೂ ಕಡಿಮೆ ಮಾಡದು. ಶಕುನದ ಕಾರಣಕ್ಕೆ ಮಚ್ಚೆ ತೆಗೆಸುವವನ ಚಿಕಿತ್ಸೆ ಚರ್ಮದಿಂದಲ್ಲ, ಈಮಾನಿನಿಂದ ಆರಂಭವಾಗಬೇಕು.

ಶರೀಅತ್ ಏನು ಹೇಳುತ್ತದೆ?

ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದನ್ನು ಶೈತಾನನ ಪ್ರೇರಣೆಗಳಲ್ಲೊಂದೆಂದು ಅನ್ನಿಸಾ ಅಧ್ಯಾಯವು ಎಚ್ಚರಿಸುತ್ತದೆ. ಹಚ್ಚೆ ಹಾಕಿಸಿಕೊಳ್ಳುವ, ಸೌಂದರ್ಯಕ್ಕಾಗಿ ಹಲ್ಲುಗಳ ನಡುವೆ ಅಂತರ ಮಾಡಿಸಿಕೊಳ್ಳುವ ಸ್ತ್ರೀಯರ ಕುರಿತು ಅಬ್ದುಲ್ಲಾಹ್ ಇಬ್ನು ಮಸ್‌ಊದ್(ರ)ರವರು ವರದಿ ಮಾಡಿದ ಕಠಿಣವಾದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಇವನ್ನು ಓದಿದ ಕೆಲವರು ಚರ್ಮಕ್ಕೆ ಕತ್ತರಿ ತಾಗಿಸುವುದೇ ನಿಷಿದ್ಧವೆಂದು ಭಾವಿಸುತ್ತಾರೆ. ಆದರೆ ಆ ಹದೀಸನ್ನು ವಿವರಿಸುತ್ತಾ ಇಮಾಮ್ ನವವಿ(ರ)ರವರು, ಕೇವಲ ಸೌಂದರ್ಯಕ್ಕಾಗಿ ಮಾಡುವುದಕ್ಕೂ ಚಿಕಿತ್ಸೆಗಾಗಿ ಅಥವಾ ನ್ಯೂನತೆಯ ನಿವಾರಣೆಗಾಗಿ ಮಾಡುವುದಕ್ಕೂ ವ್ಯತ್ಯಾಸವಿದೆಯೆಂದು ತಿಳಿಸಿದ್ದಾರೆ.

ಸಹಾಬಿಗಳಾದ ಅರ್ಫಜಾ ಬಿನ್ ಅಸ್‌ಅದ್(ರ)ರವರ ಘಟನೆ ಈ ವ್ಯತ್ಯಾಸಕ್ಕೆ ಬೆಳಕು ಚೆಲ್ಲುತ್ತದೆ. ಇಸ್ಲಾಮಿಗೆ ಮುಂಚಿನ ಕಾಲದ ಯುದ್ಧವೊಂದರಲ್ಲಿ ಅವರು ಮೂಗು ಕಳೆದುಕೊಂಡಿದ್ದರು. ಬೆಳ್ಳಿಯ ಮೂಗನ್ನು ಜೋಡಿಸಿಕೊಂಡಾಗ ಅದರಿಂದ ದುರ್ವಾಸನೆ ಬರತೊಡಗಿತು. ಆಗ ಪ್ರವಾದಿವರ್ಯರು(ಸ) ಅವರಿಗೆ ಚಿನ್ನದ ಮೂಗನ್ನು ಬಳಸಲು ಹೇಳಿದರೆಂದು ಅಬೂ ದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿದೆ. ಪುರುಷರಿಗೆ ಚಿನ್ನ ನಿಷಿದ್ಧವಾಗಿರುವಾಗಲೂ ಮುಖದ ನ್ಯೂನತೆಯನ್ನು ನೀಗಿಸಿಕೊಳ್ಳಲು ಈ ಅನುಮತಿ ದೊರೆಯಿತೆಂಬುದನ್ನು ಗಮನಿಸಬೇಕು.

ನಮ್ಮ ಭಾಗದಲ್ಲಿ ಹೆಚ್ಚಿನವರು ಹನಫೀ ಮದ್‌ಹಬ್‌ನವರು. ಔರಂಗಜೇಬನ ಕಾಲದಲ್ಲಿ ಉಲಮಾಗಳ ಸಮೂಹವೊಂದು ಸಂಕಲಿಸಿದ ಫತಾವಾ ಆಲಂಗೀರಿಯಲ್ಲಿ ಹೆಚ್ಚುವರಿ ಬೆರಳನ್ನು ಕತ್ತರಿಸುವ ಪ್ರಶ್ನೆ ಬಂದಿದೆ. ಅಲ್ಲಿನ ಉತ್ತರದ ಸಾರವಿಷ್ಟು: ಕತ್ತರಿಸುವುದರಿಂದ ಪ್ರಾಣಾಪಾಯದ ಸಂಭವವೇ ಹೆಚ್ಚಾಗಿದ್ದರೆ ಮಾಡಬಾರದು, ಸುರಕ್ಷಿತವಾಗಿರುವ ಸಂಭವವೇ ಹೆಚ್ಚಾಗಿದ್ದರೆ ಮಾಡಬಹುದು. 2007ರ ಜುಲೈಯಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯೂ ಸೌಂದರ್ಯ ಶಸ್ತ್ರಚಿಕಿತ್ಸೆಯ ಕುರಿತು ನಿರ್ಣಯ ಕೈಗೊಂಡಿತು. ಹುಟ್ಟಿನಿಂದ ಬಂದ ಅಥವಾ ನಂತರ ಉಂಟಾದ ನ್ಯೂನತೆಯು ದೈಹಿಕ ಇಲ್ಲವೇ ಮಾನಸಿಕ ತೊಂದರೆ ಕೊಡುತ್ತಿದ್ದರೆ ಅದನ್ನು ಸರಿಪಡಿಸಿಕೊಳ್ಳಬಹುದು. ಸಹಜವಾದ ರೂಪವನ್ನು ಬರಿಯ ಚಪಲಕ್ಕಾಗಿ ಬದಲಿಸುವಂತಿಲ್ಲ ಎಂಬುದು ಅದರ ತಾತ್ಪರ್ಯ.

ಆದ್ದರಿಂದ ಆ ತಾಯಂದಿರಿಗೆ ನಾನು ಹೇಳುವುದಿಷ್ಟೆ. ರೋಗದ ಸಂದೇಹವಿರುವ ಮಚ್ಚೆಯನ್ನು ತೋರಿಸುವುದು ಕೇವಲ ಅನುಮತಿಯಲ್ಲ, ಪ್ರಾಣರಕ್ಷಣೆಯ ಕರ್ತವ್ಯ. ಬಟ್ಟೆಗೆ, ಬಳೆಗೆ, ಕ್ಷೌರದ ಕತ್ತಿಗೆ ಮತ್ತೆ ಮತ್ತೆ ಸಿಕ್ಕಿ ನೋಯುವ ಮಚ್ಚೆಯನ್ನು ತೆಗೆಸುವುದು ಚಿಕಿತ್ಸೆ. ಎದ್ದು ಕಾಣುವಂತೆ ಬೆಳೆದು ಮನಸ್ಸನ್ನು ಕುಗ್ಗಿಸುವ ಮಚ್ಚೆಗೂ ಅವಕಾಶವಿದೆ. ಯಾರ ಕಣ್ಣಿಗೂ ಬೀಳದಂತಹ ಚುಕ್ಕೆಯನ್ನು ಚಿತ್ರನಟಿಯ ಮುಖದೊಂದಿಗೆ ಹೋಲಿಸಿ ತೆಗೆಸುವವರು ತಮ್ಮ ನಿಯ್ಯತ್ತನ್ನು ತಾವೇ ಪ್ರಶ್ನಿಸಿಕೊಳ್ಳಬೇಕು. ನಿರ್ದಿಷ್ಟ ಸಂದರ್ಭಗಳಿಗೆ ತಮ್ಮ ಊರಿನ ಆಲಿಮರನ್ನು ಕೇಳಬಹುದು. ಆದರೆ ಫಿಕ್ಹ್‌ನ ಉತ್ತರವು ಸುರಕ್ಷತೆಯ ಮೇಲೆ ನಿಂತಿದೆ, ಸುರಕ್ಷತೆಯನ್ನು ತಿಳಿಸಬಲ್ಲವರು ವೈದ್ಯರು. ಹಾಗಾಗಿ ಮಸೀದಿಯ ಬಾಗಿಲಲ್ಲಿ ಕೇಳಿದ ಪ್ರಶ್ನೆಯ ಅರ್ಧ ಉತ್ತರ ಆಸ್ಪತ್ರೆಯಲ್ಲಿದೆ.

ಎರಡು ಮಚ್ಚೆಗಳು

ಇದು ನನ್ನ ಅನುಭವಕ್ಕೆ ಬಂದದ್ದು ನನ್ನ ತಂಗಿಯ ಮನೆಯಲ್ಲಿ. ಅವಳ ಹಿರಿಯ ಮಗಳ ಮೇಲ್ದುಟಿಯ ಮೇಲೆ ಉದ್ದಿನ ಕಾಳಿನಷ್ಟು ಮಚ್ಚೆಯೊಂದು ಚಿಕ್ಕಂದಿನಿಂದ ಇತ್ತು. ನಿಕಾಹ್‌ಗೆ ಮೂರು ವಾರಗಳಿರುವಾಗ ವರನ ಕಡೆಯ ಹೆಂಗಸೊಬ್ಬರು, “ಹುಡುಗಿ ಚೆನ್ನಾಗಿದ್ದಾಳೆ, ಆ ಮಚ್ಚೆಯೊಂದು ಇರದಿದ್ದರೆ...” ಎಂದು ಅರ್ಧಕ್ಕೆ ನಿಲ್ಲಿಸಿದರು. ಆ ಅರ್ಧ ಮಾತು ಮನೆಯಲ್ಲಿ ಮೂರು ದಿನ ಊಟ ಸೇರದಂತೆ ಮಾಡಿತು. ನೆರೆಯವರೊಬ್ಬರು ಸುಣ್ಣಕ್ಕೆ ವಾಷಿಂಗ್ ಸೋಡಾ ಕಲಸಿ ಕಡ್ಡಿಯ ತುದಿಯಿಂದ ಹಚ್ಚಿದರೆ ಎರಡು ದಿನಗಳಲ್ಲಿ ಉದುರುತ್ತದೆ ಎಂದರು. ತಂಗಿ ನನ್ನನ್ನು ಕರೆಸಿ, “ಅಣ್ಣಾ, ನೀವೇ ಹೇಳಿ” ಎಂದಳು. ಹಚ್ಚಬೇಡಿರಿ, ಮೊದಲು ತೋರಿಸೋಣ ಎಂದೆ.

ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ತುಮಕೂರಿನಲ್ಲಿ ಚರ್ಮರೋಗ ತಜ್ಞರಿಗೆ ತೋರಿಸಲು ಚೀಟಿ ಬರೆದುಕೊಟ್ಟರು. ಹುಡುಗಿ, ತಂಗಿ, ನಾನು ಹೊರಟೆವು. ತಂಗಿಯ ಅತ್ತೆಯವರೂ ಮೊಮ್ಮಗಳ ಜೊತೆಗೆಂದು ಬಂದರು. ಅವರಿಗೆ ಅರವತ್ತು ದಾಟಿದೆ. ವರ್ಷಾನುಗಟ್ಟಲೆ ಹುಣಸೆಹಣ್ಣು ಕುಟ್ಟುವ ಕೂಲಿ ಮಾಡಿ ಮಕ್ಕಳನ್ನು ಸಾಕಿದವರು. ಬಸ್ಸಿನಿಂದ ಇಳಿಯುವಾಗ ಅವರು ಎಡಗಾಲನ್ನು ಸ್ವಲ್ಪ ಎತ್ತಿ ಇಡುತ್ತಿದ್ದರು.

ತಜ್ಞ ವೈದ್ಯೆಯು ಬೆಳಕಿರುವ ಪುಟ್ಟ ಭೂತಗನ್ನಡಿಯಂತಹ ಉಪಕರಣದಿಂದ ಹುಡುಗಿಯ ಮಚ್ಚೆಯನ್ನು ನೋಡಿದರು. ಯಾವಾಗಿನಿಂದ ಇದೆ, ಬೆಳೆದಿದೆಯೇ, ಬಣ್ಣ ಬದಲಾಗಿದೆಯೇ, ರಕ್ತ ಬಂದಿದೆಯೇ ಎಂದು ಕೇಳಿದರು. ನಂತರ, ಇದು ನಿರಪಾಯಕಾರಿ, ಇರಲು ಬಿಡಬಹುದು. ಹುಡುಗಿಗೇ ಬೇಡವೆನಿಸಿದರೆ ತೆಗೆಯಬಹುದು, ಆದರೆ ನಿಕಾಹ್‌ಗೆ ಮೂರು ವಾರಗಳಿರುವಾಗ ಬೇಡ ಎಂದರು. ಗಾಯವು ಮಾಯ್ದ ಮೇಲೂ ಅದರ ಕಲೆಯು ಹಲವು ತಿಂಗಳು ಕೆಂಪಾಗಿ ಅಥವಾ ಕಪ್ಪಾಗಿ ಉಳಿಯಬಹುದು, ಮಚ್ಚೆಗಿಂತ ಕಲೆಯೇ ಹೆಚ್ಚು ಕಾಣಬಹುದು ಎಂಬುದು ಅವರ ವಿವರಣೆ. ಹುಡುಗಿಯ ಮುಖ ಅರಳಿತು.

ನಾವು ಏಳುವಷ್ಟರಲ್ಲಿ ತಂಗಿಯ ಅತ್ತೆಯವರು, “ನನ್ನ ಹಿಮ್ಮಡಿಯಲ್ಲೂ ಒಂದು ಆಣಿ ಇದೆ, ಡಾಕ್ಟರಮ್ಮಾ. ವರ್ಷವಾಯಿತು. ಮೆಡಿಕಲ್ ಷಾಪಿನ ಪಟ್ಟಿ ಹಾಕುತ್ತಿದ್ದೇನೆ, ಹೋಗುತ್ತಿಲ್ಲ” ಎಂದರು. ಅದನ್ನು ತೋರಿಸಲೂ ಅವರಿಗೆ ಸಂಕೋಚವಿತ್ತು. ಪಟ್ಟಿಯನ್ನು ಬಿಚ್ಚಿದಾಗ ಒಂದು ರೂಪಾಯಿಯ ನಾಣ್ಯದಷ್ಟು ಕಪ್ಪು ಕಲೆ ಕಂಡಿತು. ಅಂಚು ಹರಿದ ಕಾಗದದಂತೆ, ಬಣ್ಣ ಒಂದು ಕಡೆ ಕಡುಗಪ್ಪು, ಇನ್ನೊಂದು ಕಡೆ ಕಂದು, ನಡುವೆ ಒದ್ದೆಯಾದ ಸಣ್ಣ ಹುಣ್ಣು. ವೈದ್ಯೆಯು ಬಹಳ ಹೊತ್ತು ನೋಡಿದರು. ಮೊಮ್ಮಗಳ ಮಚ್ಚೆಗೆ ಐದು ನಿಮಿಷ ಸಾಕಾಗಿತ್ತು, ಅಜ್ಜಿಯ ಹಿಮ್ಮಡಿಗೆ ಅರ್ಧ ಗಂಟೆಯಾಯಿತು. ಸಣ್ಣ ತುಣುಕೊಂದನ್ನು ತೆಗೆದು ಬಯಾಪ್ಸಿಗೆ ಕಳುಹಿಸಿದರು. ವರದಿ ಬಂದಾಗ ಅದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಎಂದು ತಿಳಿಯಿತು.

ಆ ಮೇಲೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಹೋದೆವು. ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಸಚಿವರೂ ಆಗಿದ್ದ ರಫೀ ಅಹ್ಮದ್ ಕಿದ್ವಾಯಿಯವರ ಹೆಸರಿನ ಈ ಆಸ್ಪತ್ರೆ 1973ರಿಂದ ನಾಡಿನ ಬಡ ಕ್ಯಾನ್ಸರ್ ರೋಗಿಗಳ ಆಸರೆಯಾಗಿದೆ. ಹಿಮ್ಮಡಿಯ ಆ ಭಾಗವನ್ನು ಸುತ್ತಲಿನ ಆರೋಗ್ಯವಂತ ಚರ್ಮದ ಅಂಚಿನೊಂದಿಗೆ ತೆಗೆದು, ತೊಡೆಯ ಚರ್ಮವನ್ನು ಅಲ್ಲಿಗೆ ಕಸಿ ಮಾಡಿದರು. ತೊಡೆಸಂದಿನ ಗ್ರಂಥಿಗಳಿಗೆ ಹಬ್ಬಿದೆಯೇ ಎಂದು ಪರೀಕ್ಷಿಸಿದರು. ಹಬ್ಬಿರಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಈಗ ಎರಡು ವರ್ಷಗಳಾಗಿವೆ. ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡುತ್ತಾರೆ, ತಪ್ಪದೆ ತಪಾಸಣೆಗೆ ಹೋಗುತ್ತಾರೆ. ಮೊಮ್ಮಗಳ ನಿಕಾಹ್ ಮಚ್ಚೆಯೊಂದಿಗೇ ನೆರವೇರಿತು. ಅವಳು ಅದನ್ನು ಇಂದಿಗೂ ತೆಗೆಸಿಲ್ಲ.

ನಾಲ್ಕು ಜನ ನೋಡುವ ಮುಖದ ಮಚ್ಚೆಗಾಗಿ ಇಡೀ ಕುಟುಂಬವು ಮೂರು ದಿನ ಉಣ್ಣಲಿಲ್ಲ. ಯಾರೂ ನೋಡದ ಹಿಮ್ಮಡಿಯ ಕಲೆಗೆ ಒಂದು ವರ್ಷ ಪಟ್ಟಿ ಹಾಕಿ ಮುಚ್ಚಿದ್ದೆವು. ಅಲ್ಲಾಹನು ನಿಮ್ಮ ರೂಪಗಳನ್ನು ನೋಡುವುದಿಲ್ಲ, ಹೃದಯಗಳನ್ನೂ ಕರ್ಮಗಳನ್ನೂ ನೋಡುತ್ತಾನೆ ಎಂಬರ್ಥದ ಹದೀಸನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ನಮ್ಮ ಚಿಂತೆಗಳು ಮಾತ್ರ ರೂಪದ ಸುತ್ತಲೇ ತಿರುಗುತ್ತವೆ.

ವುಝೂ ಮಾಡುವಾಗ ನೋಡಬೇಕಾದದ್ದು

ಮಚ್ಚೆಗಳ ಬಗ್ಗೆ ಭಯಪಡಬೇಕಾಗಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಒಂದೆಡೆ ಗುಂಪುಗೂಡಿದಾಗ ಮಚ್ಚೆಯಾಗುತ್ತದೆ. ಹೆಚ್ಚಿನ ವಯಸ್ಕರ ಮೈಮೇಲೆ ಹತ್ತರಿಂದ ನಲವತ್ತರಷ್ಟು ಮಚ್ಚೆಗಳಿರುವುದು ಸಾಮಾನ್ಯ. ಬಾಲ್ಯ ಮತ್ತು ಯೌವನದಲ್ಲಿ ಹೊಸದಾಗಿ ಮೂಡುವುದೂ ಸಹಜ. ಮೆಲನೋಮಾ ನಮ್ಮ ದೇಶದಲ್ಲಿ ವಿರಳ. ಬಿಳಿಯ ಚರ್ಮದವರು ಹೆಚ್ಚಾಗಿರುವ ಆಸ್ಟ್ರೇಲಿಯಾದಂತಹ ದೇಶಗಳಲ್ಲಿ ಅದರ ಹಾವಳಿ ಬಹಳ. ಆದರೆ ನಮ್ಮಂತಹ ಕಂದು ಮತ್ತು ಕಪ್ಪು ಚರ್ಮದವರಲ್ಲಿ ಅದು ಬಂದಾಗ ಅಂಗಾಲು, ಅಂಗೈ, ಉಗುರಿನ ಅಡಿಯಂತಹ ಬಿಸಿಲು ಕಾಣದ ಜಾಗಗಳಲ್ಲಿ ಕಾಣಿಸಿಕೊಳ್ಳುವುದೇ ಹೆಚ್ಚು. ಅಲ್ಲಿ ಅದನ್ನು ಮುಳ್ಳು ಚುಚ್ಚಿದ್ದು, ಆಣಿ, ಪೆಟ್ಟು ಬಿದ್ದು ಹೆಪ್ಪುಗಟ್ಟಿದ ರಕ್ತ ಎಂದು ಭಾವಿಸಿ ಕಾಲ ಕಳೆಯುತ್ತಾರೆ. ಜಮೈಕಾದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ಉಗುರಿನಡಿ ಇದ್ದದ್ದನ್ನೂ ಮೊದಲು ಫುಟ್‌ಬಾಲ್ ಆಟದ ಗಾಯವೆಂದೇ ತಿಳಿಯಲಾಗಿತ್ತು. 1977ರಲ್ಲಿ ಅದು ಮೆಲನೋಮಾ ಎಂದು ಗೊತ್ತಾಯಿತು. ಬೆರಳನ್ನು ತೆಗೆಸಲು ಅವರು ಒಪ್ಪಲಿಲ್ಲ. 1981ರ ಮೇ ತಿಂಗಳಲ್ಲಿ, 36ನೆಯ ವಯಸ್ಸಿನಲ್ಲಿ ನಿಧನರಾದರು.

ಐದು ಹೊತ್ತು ವುಝೂ ಮಾಡುವ ನಮಗೆ ಅಲ್ಲಾಹನು ಎಂತಹ ಅವಕಾಶವನ್ನು ಕೊಟ್ಟಿದ್ದಾನೆಂದು ಯೋಚಿಸಿರಿ! ಮುಖ, ಕೈ, ಕಾಲುಗಳನ್ನು ದಿನವೂ ತೊಳೆಯುತ್ತೇವೆ. ಬೆರಳುಗಳ ನಡುವೆ ಬೆರಳಾಡಿಸಿ ಖಿಲಾಲ್ ಮಾಡುತ್ತೇವೆ. ಹಿಮ್ಮಡಿ ಒಣಗಿ ಉಳಿಯಬಾರದೆಂದು ಹದೀಸಿನಲ್ಲಿ ವಿಶೇಷ ಎಚ್ಚರಿಕೆಯೇ ಇದೆ. ಆ ಹೊತ್ತಿನಲ್ಲಿ ನೀರನ್ನು ಹರಿಸುವುದರ ಜೊತೆಗೆ ಕಣ್ಣನ್ನೂ ಹರಿಸಿದರೆ ಸಾಕು. ತಿಂಗಳಿಗೊಮ್ಮೆ, ಜುಮಾ ದಿನದ ಸ್ನಾನಕ್ಕೆ ಮುಂಚೆ, ಅಂಗಾಲನ್ನು ಮೇಲೆತ್ತಿ ನೋಡಿರಿ. ಬೆನ್ನನ್ನು ಪತಿ ಪತ್ನಿಯರು ಪರಸ್ಪರ ನೋಡಿಕೊಳ್ಳಬಹುದು. ಮೆಹಂದಿ ಹಚ್ಚುವ ಮುನ್ನ ಉಗುರುಗಳನ್ನು ಗಮನಿಸಿರಿ.

ಏನನ್ನು ನೋಡಬೇಕು? ವೈದ್ಯರು ಐದು ಪ್ರಶ್ನೆಗಳನ್ನು ಕಲಿಸುತ್ತಾರೆ. ಮಚ್ಚೆಯ ಒಂದು ಅರ್ಧವು ಇನ್ನೊಂದು ಅರ್ಧದಂತಿದೆಯೇ? ಅಂಚು ನುಣುಪಾಗಿದೆಯೇ, ಹರಿದಂತಿದೆಯೇ? ಬಣ್ಣ ಒಂದೇ ಆಗಿದೆಯೇ, ಕಪ್ಪು, ಕಂದು, ಕೆಂಪು, ನೀಲಿ ಬೆರೆತಿವೆಯೇ? ಅಗಲವು ಆರು ಮಿಲಿಮೀಟರ್, ಅಂದರೆ ಪೆನ್ಸಿಲ್ಲಿನ ಹಿಂಬದಿಯಷ್ಟು, ದಾಟಿದೆಯೇ? ಇತ್ತೀಚಿನ ವಾರ, ತಿಂಗಳುಗಳಲ್ಲಿ ಬದಲಾಗಿದೆಯೇ? ಇವುಗಳಲ್ಲಿ ಕೊನೆಯದು ಬಹಳ ಮುಖ್ಯ. ಬೆಳೆಯುವ, ತುರಿಸುವ, ರಕ್ತ ಒಸರುವ, ಮಾಯದ ಹುಣ್ಣಾಗುವ ಮಚ್ಚೆಯನ್ನು ಕೂಡಲೇ ತೋರಿಸಬೇಕು. ಮೈಮೇಲಿನ ಇತರ ಮಚ್ಚೆಗಳಿಗಿಂತ ಒಂದು ಮಾತ್ರ ಬೇರೆಯೇ ರೀತಿಯಲ್ಲಿ ಕಂಡರೆ ಅದನ್ನೂ ತೋರಿಸಬೇಕು. ನಮ್ಮ ಬಣ್ಣದವರ ಹಲವು ಉಗುರುಗಳಲ್ಲಿ ಕಂದು ಗೆರೆಗಳಿರುವುದು ಸಾಮಾನ್ಯ. ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ, ಉಗುರಿನ ಬುಡದ ಚರ್ಮಕ್ಕೂ ಕಪ್ಪು ಹರಡಿರುವ ಗೆರೆಯನ್ನು ನಿರ್ಲಕ್ಷಿಸಬಾರದು. ಮಗುವಿಗೆ ಹುಟ್ಟಿನಿಂದಲೇ ದೊಡ್ಡ ಮಚ್ಚೆಯಿದ್ದರೆ ಮಕ್ಕಳ ವೈದ್ಯರಿಗೆ ತಿಳಿಸಿರಿ.

ನಾವು ಮಚ್ಚೆ ಎನ್ನುವುದೆಲ್ಲವೂ ಮಚ್ಚೆಯಲ್ಲ ಎಂಬುದೂ ತಿಳಿದಿರಲಿ. ಕುತ್ತಿಗೆ, ಕಂಕುಳಲ್ಲಿ ಜೋತಾಡುವ ಮೃದುವಾದ ಚರ್ಮದ ಗಂಟುಗಳು ಬೇರೆ; ಅವು ಹೆಚ್ಚಾಗಿದ್ದು ಕುತ್ತಿಗೆಯೂ ಕಪ್ಪಾಗಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸುವುದು ಒಳಿತು. ವೈರಾಣುವಿನಿಂದ ಬರುವ, ಮುಟ್ಟಿದರೆ ಒರಟಾಗಿರುವ ನರಹುಲಿ ಬೇರೆ, ಅದು ಹರಡುತ್ತದೆ. ಮಧ್ಯವಯಸ್ಸಿನ ಹೆಂಗಸರ ಕೆನ್ನೆಯ ಮೇಲೆ ಮೂಡುವ ಸಣ್ಣ ಕಪ್ಪು ಗುಳ್ಳೆಗಳು ಬೇರೆ, ಅವು ನಿರಪಾಯಕಾರಿ. ಪ್ರತಿಯೊಂದರ ಚಿಕಿತ್ಸೆಯೂ ಬೇರೆ. ಅದಕ್ಕಾಗಿಯೇ ತೆಗೆಸುವ ಮುನ್ನ ಅದು ಏನೆಂದು ತಿಳಿಯಬೇಕು.

ಯಾರಿಂದ, ಹೇಗೆ?

ವೈದ್ಯವಿದ್ಯೆ ತಿಳಿಯದೆ ಚಿಕಿತ್ಸೆ ಮಾಡಿದವನು ಅದರ ಹಾನಿಗೆ ಹೊಣೆಗಾರನಾಗುತ್ತಾನೆಂಬ ಅರ್ಥದ ಹದೀಸ್ ಅಬೂ ದಾವೂದ್, ನಸಾಈ ಮತ್ತು ಇಬ್ನು ಮಾಜಃ ಗ್ರಂಥಗಳಲ್ಲಿದೆ. ಅರಿಯದವನ ಕೈಗೆ ಅರಿತೂ ಮುಖ ಒಡ್ಡುವ ನಾವು ಹೊಣೆಯಿಂದ ಪಾರಾಗುವೆವೇ? ಸುಣ್ಣ ಮತ್ತು ಸೋಡಾ ಸೇರಿದಾಗ ಚರ್ಮವನ್ನು ಆಳವಾಗಿ ಸುಡುವ ಕ್ಷಾರ ಉಂಟಾಗುತ್ತದೆ. ಅದಕ್ಕೆ ಮಚ್ಚೆ ಯಾವುದು, ಒಳ್ಳೆಯ ಚರ್ಮ ಯಾವುದು ಎಂಬ ವಿವೇಚನೆಯಿಲ್ಲ. ಗೇರಿನ ಎಣ್ಣೆ, ಆಸಿಡ್, ಊದಿನಕಡ್ಡಿಯ ಬೆಂಕಿ, ಕುದುರೆ ಕೂದಲಿನ ಬಿಗಿತ, ಮೊಬೈಲ್‌ನಲ್ಲಿ ನೋಡಿ ತರಿಸಿದ ಮುಲಾಮು ಇವೆಲ್ಲದರ ಸ್ಥಿತಿಯೂ ಅದೇ. ಕಣ್ಣಿನ ರೆಪ್ಪೆ, ತುಟಿಗಳ ಬಳಿ ಅಪಾಯ ಇನ್ನೂ ಹೆಚ್ಚು. ಇನ್ನೊಂದು ದೊಡ್ಡ ಹಾನಿಯೂ ಇದೆ: ಮೇಲಿನ ಕಪ್ಪು ಉದುರಿ ಒಳಗಿನ ರೋಗ ಉಳಿದರೆ ಅದು ಕಣ್ಮರೆಯಾಗಿ ಬೆಳೆಯುತ್ತದೆ. ಪರೀಕ್ಷಿಸಲು ಕೈಯಲ್ಲಿ ತುಣುಕೂ ಇರುವುದಿಲ್ಲ.

ಬ್ಯೂಟಿ ಪಾರ್ಲರ್ ಆಸ್ಪತ್ರೆಯಲ್ಲ. ಎಂಬಿಬಿಎಸ್ ನಂತರ ಚರ್ಮರೋಗ ಶಾಸ್ತ್ರದಲ್ಲಿ ಎಂಡಿ ಅಥವಾ ಡಿಪ್ಲೊಮಾ ಪಡೆದ ತಜ್ಞರನ್ನೋ ಶಸ್ತ್ರವೈದ್ಯರನ್ನೋ ಕಾಣಬೇಕು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಪ್ರತಿಯೊಂದು ಖಾಸಗಿ ಕ್ಲಿನಿಕ್ಕೂ ನೋಂದಣಿ ಪಡೆದಿರಬೇಕು. ಆ ಪತ್ರವನ್ನು ಕೇಳಿ ನೋಡುವುದು ಅವಮರ್ಯಾದೆಯಲ್ಲ. ನಮ್ಮ ಕಡೆಯವರಿಗೆ ಕೊರಟಗೆರೆಯ ತಾಲ್ಲೂಕು ಆಸ್ಪತ್ರೆ, ತುಮಕೂರಿನ ಜಿಲ್ಲಾಸ್ಪತ್ರೆ ಇವೆ. ಸರಕಾರಿ ಆಸ್ಪತ್ರೆಯಿಂದ ಆರಂಭಿಸಿದರೆ, ಗಂಭೀರ ರೋಗವೆಂದು ತಿಳಿದಾಗ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ಶಿಫಾರಸು ಪತ್ರಕ್ಕೂ ಅದು ಅನುಕೂಲ. ಸೌಂದರ್ಯಕ್ಕಾಗಿ ತೆಗೆಸುವ ಖರ್ಚು ನಮ್ಮದೇ ಆಗಿರುತ್ತದೆ.

ತೆಗೆಯುವ ವಿಧಾನಗಳು ಮುಖ್ಯವಾಗಿ ಮೂರು. ಉಬ್ಬಿದ ಮಚ್ಚೆಯನ್ನು ಚರ್ಮದ ಮಟ್ಟಕ್ಕೆ ಹೆರೆದು ತೆಗೆಯುವುದು ಒಂದು. ಇದಕ್ಕೆ ಹೊಲಿಗೆ ಬೇಕಾಗದು, ಆದರೆ ಬೇರು ಉಳಿದು ಮತ್ತೆ ಬಣ್ಣ ಮೂಡಬಹುದು. ಚರ್ಮದ ಪೂರ್ಣ ದಪ್ಪದವರೆಗೆ ಕತ್ತರಿಸಿ ಹೊಲಿಗೆ ಹಾಕುವುದು ಎರಡನೆಯದು. ಸಂದೇಹವಿರುವ ಮಚ್ಚೆಗೆ ಸಾಮಾನ್ಯವಾಗಿ ಇದೇ ಸರಿಯಾದ ದಾರಿ. ವಿದ್ಯುತ್ತಿನಿಂದ ಅಥವಾ ಲೇಸರ್‌ನಿಂದ ಸುಡುವುದು ಮೂರನೆಯದು. ನಿರಪಾಯಕಾರಿ ಎಂದು ಖಚಿತವಾದವುಗಳಿಗೆ ಮಾತ್ರ ಇದು ಸಲ್ಲುತ್ತದೆ, ಏಕೆಂದರೆ ಸುಟ್ಟದ್ದನ್ನು ಪರೀಕ್ಷಿಸಲಾಗದು. ಮೂರಕ್ಕೂ ಆ ಜಾಗಕ್ಕಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಸಾಕು, ಅದೇ ದಿನ ಮನೆಗೆ ಮರಳಬಹುದು.

ಮೊದಲೇ ಕೆಲವು ಪ್ರಶ್ನೆಗಳನ್ನು ಕೇಳಿರಿ. ಇದು ಏನು? ತೆಗೆಯುವ ಅಗತ್ಯವಿದೆಯೇ? ಯಾವ ವಿಧಾನ, ಏಕೆ? ತೆಗೆದ ತುಣುಕನ್ನು ಪ್ರಯೋಗಾಲಯಕ್ಕೆ ಕಳುಹಿಸುವಿರಾ? ಕಲೆ ಎಷ್ಟು ಉಳಿಯುತ್ತದೆ? ಖರ್ಚೆಷ್ಟು? ನೀವೂ ಕೆಲವು ಸಂಗತಿಗಳನ್ನು ಮುಚ್ಚಿಡದೆ ಹೇಳಿರಿ: ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಔಷಧಿಯ ಅಲರ್ಜಿ, ಹಳೆಯ ಗಾಯ ಅಥವಾ ಕಿವಿ ಚುಚ್ಚಿದ ಜಾಗ ಗಂಟಾಗಿ ಉಬ್ಬಿದ್ದು. ನಮ್ಮ ಚರ್ಮದಲ್ಲಿ ಎದೆ, ಭುಜ, ಕಿವಿಗಳ ಗಾಯಗಳು ಹಾಗೆ ಉಬ್ಬುವ ಸಂಭವ ಹೆಚ್ಚು. ಅಲ್ಲಿನ ಮಚ್ಚೆಯನ್ನು ಅಗತ್ಯವಿಲ್ಲದೆ ಮುಟ್ಟದಿರುವುದೇ ಲೇಸು. ವರದಿಯನ್ನು ತಪ್ಪದೆ ಪಡೆದು ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಿರಿ.

ಪರಪುರುಷ ವೈದ್ಯರಿಗೆ ತೋರಿಸುವ ಸಂಕೋಚದಿಂದ ನಮ್ಮ ಹೆಂಗಸರು ತಡ ಮಾಡುವುದುಂಟು. ವೈದ್ಯೆ ಸಿಕ್ಕರೆ ಉತ್ತಮ. ಸಿಗದಿದ್ದರೆ ಮಹ್ರಮ್ ಅಥವಾ ಇನ್ನೊಬ್ಬ ಹೆಂಗಸಿನ ಉಪಸ್ಥಿತಿಯಲ್ಲಿ, ಅಗತ್ಯವಿರುವಷ್ಟು ಭಾಗವನ್ನು ಮಾತ್ರ ತೋರಿಸಲು ಉಲಮಾಗಳು ಅನುಮತಿಸಿದ್ದಾರೆ. ಪ್ರವಾದಿವರ್ಯರ(ಸ) ಕಾಲದಲ್ಲಿ ರುಬೈಯ್ಯಿಅ್ ಬಿಂತ್ ಮುಅವ್ವಿದ್(ರ)ರಂತಹ ಸಹಾಬಿ ಮಹಿಳೆಯರು ರಣಾಂಗಣದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದ್ದನ್ನು ಬುಖಾರಿ ಗ್ರಂಥವು ದಾಖಲಿಸಿದೆ. ಲಜ್ಜೆಯು ಈಮಾನಿನ ಭಾಗ. ಆದರೆ ಚಿಕಿತ್ಸೆಯನ್ನು ತಡೆಯಲು ಅದನ್ನು ನೆಪವಾಗಿಸಬಾರದು.

ಗಾಯವೂ ಇಬಾದತ್ತೂ

ತೆಗೆಸಿದ ಮೇಲೆ ಮೊದಲ ಒಂದೆರಡು ದಿನ ನೀರು ತಾಗದಂತೆ ನೋಡಿಕೊಳ್ಳಲು ವೈದ್ಯರು ಹೇಳುತ್ತಾರೆ. ಮುಖದ ಹೊಲಿಗೆಯನ್ನು ಸಾಮಾನ್ಯವಾಗಿ ಒಂದು ವಾರದೊಳಗೆ, ಬೆನ್ನು ಮತ್ತು ಕೈಕಾಲುಗಳದನ್ನು ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಬಿಚ್ಚುತ್ತಾರೆ. ಅರಿಸಿನ, ಕಾಫಿಪುಡಿ, ಬೂದಿ ಯಾವುದನ್ನೂ ಹಚ್ಚಬಾರದು. ಹೆಕ್ಕಳೆಯನ್ನು ಕೀಳಬಾರದು. ಕೆಲವು ತಿಂಗಳು ಬಿಸಿಲಿನಿಂದ ಮರೆಮಾಡಿದರೆ ಕಲೆ ಕಪ್ಪಾಗುವುದು ಕಡಿಮೆ. ನೋವು ದಿನೇ ದಿನೇ ಹೆಚ್ಚಿದರೆ, ಕೀವು, ಜ್ವರ ಬಂದರೆ, ಹದಿನೈದು ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಕಾಯಬಾರದು.

ಆಗ ವುಝೂ ಹೇಗೆ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಸಂಬಂಧಿಸಿದ ಒಂದು ಘಟನೆಯನ್ನು ಹ. ಜಾಬಿರ್(ರ)ರವರು ವರದಿ ಮಾಡಿದ್ದು, ಅದು ಅಬೂ ದಾವೂದ್ ಗ್ರಂಥದಲ್ಲಿದೆ. ಪ್ರಯಾಣವೊಂದರಲ್ಲಿ ಒಬ್ಬರ ತಲೆಗೆ ಕಲ್ಲು ತಾಗಿ ಗಾಯವಾಯಿತು. ಅವರಿಗೆ ಸ್ನಾನ ಕಡ್ಡಾಯವಾದಾಗ, ತಯಮ್ಮುಮ್ ಸಾಕೇ ಎಂದು ಸಂಗಡಿಗರನ್ನು ಕೇಳಿದರು. ನೀರಿರುವಾಗ ಅವಕಾಶವಿಲ್ಲವೆಂದು ಅವರು ಹೇಳಿದರು. ಆ ವ್ಯಕ್ತಿ ಸ್ನಾನ ಮಾಡಿ, ಅದರಿಂದಾಗಿ ಮರಣ ಹೊಂದಿದರು. ಈ ಸುದ್ದಿ ತಲುಪಿದಾಗ ಪ್ರವಾದಿವರ್ಯರು(ಸ) ತೀವ್ರವಾಗಿ ನೊಂದು, ಅವರೇ ಆತನನ್ನು ಕೊಂದರೆಂದೂ, ತಿಳಿಯದಿದ್ದಾಗ ಏಕೆ ಕೇಳಲಿಲ್ಲವೆಂದೂ, ಅಜ್ಞಾನಕ್ಕೆ ಕೇಳುವುದೇ ಮದ್ದೆಂದೂ ಹೇಳಿದರು. ಗಾಯಕ್ಕೆ ನೀರು ಹಾನಿಕರವಾದಾಗ ಪಟ್ಟಿಯ ಮೇಲೆ ಒದ್ದೆ ಕೈಯಿಂದ ಮಸಹ್ ಮಾಡಿ ಉಳಿದ ಭಾಗವನ್ನು ತೊಳೆಯುವ ರಿಯಾಯಿತಿಯನ್ನು ಫುಕಹಾಗಳು ವಿವರಿಸಿದ್ದಾರೆ. ನಮಾಝನ್ನು ಬಿಡಬೇಕಾಗಿಲ್ಲ, ಗಾಯವನ್ನು ಕೆಡಿಸಬೇಕಾಗಿಯೂ ಇಲ್ಲ.

ಆ ಹದೀಸಿನ ಪಾ‌ಠ ವುಝೂವಿಗೆ ಸೀಮಿತವಾದುದಲ್ಲ. ಸುಣ್ಣ ಹಚ್ಚುವುದಕ್ಕೆ ಮುಂಚೆ, ಆಣಿಯೆಂದು ಪಟ್ಟಿ ಹಾಕುವುದಕ್ಕೆ ಮುಂಚೆ, ತಿಳಿದವರನ್ನು ಕೇಳಬೇಕು. ಪ್ರತಿಯೊಂದು ರೋಗಕ್ಕೂ ಔಷಧಿಯಿದೆಯೆಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ಸೊಸೆಯನ್ನು ಆರಿಸಲು ಹೋಗುವ ಹಿರಿಯರು ಹುಡುಗಿಯ ಮುಖದ ಮಚ್ಚೆಗಳನ್ನು ಎಣಿಸುವುದನ್ನು ಬಿಡಲಿ. ಮನೆಗೆ ಮರಳಿ ತಮ್ಮ ತಾಯಿಯ ಕಾಲುಗಳನ್ನು ತೊಳೆಯುವ ನೆಪದಲ್ಲಾದರೂ ಅಂಗಾಲನ್ನು ಒಮ್ಮೆ ನೋಡಲಿ.

ಅಲ್ಲಾಹನು ನಮ್ಮ ಶರೀರಗಳೆಂಬ ಅಮಾನತ್ತನ್ನು ಕಾಪಾಡುವ ತೌಫೀಕನ್ನೂ, ಅರಿಯದಿದ್ದಾಗ ಕೇಳುವ ವಿನಯವನ್ನೂ, ರೋಗಿಗಳಿಗೆ ಶಿಫಾವನ್ನೂ ಕರುಣಿಸಲಿ. ಆಮೀನ್.